ಐದು ವಾರದ ಕೂಸಿಗೆ ಮೈತುಂಬ ಬೆವರುಸಾಲೆ, ಕೂಲರ್ ತಂದ ಮೇಲೆ ಜಾಸ್ತಿ ಆಗಿದೆ

ಬನಹಟ್ಟಿ ತವರು

ಎಲ್ಲರಿಗೂ ನಮಸ್ಕಾರ. ಬಾಣಂತನಕ್ಕೆ ಅಂತ ಬನಹಟ್ಟಿಗೆ, ತವರಿಗೆ ಬಂದಿದ್ದೇನೆ. ಮಗಳಿಗೆ ಈಗ ಐದು ವಾರ. ಹೋದ ವಾರ ಕುತ್ತಿಗೆಯ ಮಡಿಕೆಯಲ್ಲಿ ನಾಲ್ಕೈದು ಸಣ್ಣ ಕೆಂಪು ಗುಳ್ಳೆ ಕಂಡವು. ಈಗ ಎದೆ, ಬೆನ್ನು, ಕಂಕುಳು ಎಲ್ಲಾ ಕಡೆ ಇವೆ. ಕೈ ಆಡಿಸಿದರೆ ರವೆ ಮೆತ್ತಿದ ಹಾಗೆ ತರಿತರಿಯಾಗಿ ಹತ್ತುತ್ತದೆ. ರಾತ್ರಿ ಮೈ ಹಿಂಡಿಕೊಂಡು ಅಳುತ್ತಾಳೆ, ಎತ್ತಿಕೊಂಡು ಪಡಸಾಲೆಗೆ ಬಂದರೆ ಸುಮ್ಮನಾಗುತ್ತಾಳೆ.

ನಮ್ಮ ಕೋಣೆ ಮೇಲಿನ ಮಹಡಿಯಲ್ಲಿದೆ, ಆರ್‌ಸಿಸಿ. ಸಂಜೆ ಏಳಕ್ಕೂ ಗೋಡೆ ಮುಟ್ಟಿದರೆ ಬಿಸಿ. ಅದಕ್ಕೇ ಅಪ್ಪ ಕೂಲರ್ ತಂದರು. ಆದರೆ ಆಯಿ, ಅಂದರೆ ನಮ್ಮ ಅಜ್ಜಿ, ಕಿಟಕಿ ತೆಗೆಯಲು ಬಿಡುವುದಿಲ್ಲ. "ಹಸಿ ಮೈ ಐತಿ, ಕಿವ್ಯಾಗ ಗಾಳಿ ಹೊಕ್ಕರ ಏನ್ ಮಾಡ್ತಿ?" ಅನ್ನುತ್ತಾಳೆ. ಹಾಗಾಗಿ ಬಾಗಿಲು ಕಿಟಕಿ ಎರಡೂ ಮುಚ್ಚಿ ಕೂಲರ್ ಹಾಕುತ್ತೇವೆ. ಕೂಸಿಗೆ ಕುಂಚಿಗೆ ಕಟ್ಟಿ, ಮೇಲೆ ಕೌದಿ ಹೊದಿಸುತ್ತೇವೆ. ತೊಟ್ಟಿಲಲ್ಲಿ ಬಟ್ಟೆಯ ಕೆಳಗೆ ರಬ್ಬರ್ ಶೀಟ್ ಇದೆ. ದಿನಾ ಎಣ್ಣೆ ಹಚ್ಚಿ ಬಿಸಿನೀರು ಹಾಕುತ್ತಾರೆ.

ನನಗೆ ತಿಳಿಯದೇ ಇರುವುದು ಇದು. ಕೂಲರ್ ಬಂದು ಐದು ದಿನ ಆಯಿತು, ಗುಳ್ಳೆ ಕಡಿಮೆ ಆಗುವ ಬದಲು ಜಾಸ್ತಿ ಆಗಿವೆ. ಬೆಳಿಗ್ಗೆ ಎದ್ದಾಗ ಹಾಸಿಗೆ, ದಿಂಬು, ಕೂಸಿನ ಅಂಗಿ ಎಲ್ಲಾ ಹಸಿಹಸಿ. ತಂಪು ಮಾಡಿದರೂ ಯಾಕೆ ಹೀಗೆ? ಏನು ಹಚ್ಚಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ, ಮೂರು ರಾತ್ರಿಯಿಂದ ನಿದ್ದೆ ಇಲ್ಲ.

ಇಂಡಿ ಲಿಂಬಿ

ತಂಗಿ, ಗಾಬರಿ ಆಗಬೇಡ. ಬ್ಯಾಸಗಿ ಬಂತೆಂದರೆ ನಮ್ಮ ಕಡೆ ಯಾವ ಕೂಸಿಗೆ ಆಗಲ್ಲ ಹೇಳು? ನನ್ನ ಮೂರು ಮಕ್ಕಳಿಗೂ ಆಗಿತ್ತು. ಸ್ನಾನ ಆದ ಮೇಲೆ ಕುತ್ತಿಗೆಗೆ, ಕಂಕುಳಿಗೆ ಪೌಡರ್ ಚೆನ್ನಾಗಿ ಹಾಕು, ಬೆವರು ಹೀರಿಕೊಳ್ಳುತ್ತದೆ. ನೀನು ಮಾವಿನ ಹಣ್ಣು ತಿನ್ನುತ್ತಾ ಇದ್ದರೆ ಬಿಟ್ಟುಬಿಡು, ತಾಯಿ ಉಷ್ಣದ್ದು ತಿಂದರೆ ಹಾಲಿನಲ್ಲಿ ಕೂಸಿಗೆ ಇಳಿಯುತ್ತದೆ ಅಂತ ನಮ್ಮತ್ತೆ ಹೇಳುತ್ತಿದ್ದರು.

ನಿವೃತ್ತ ಸಿಸ್ಟರ್, ಬಾಗಲಕೋಟೆ

ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಕೊಡು ತಂಗಿ, ಉಳಿದದ್ದು ಆಮೇಲೆ. ಜ್ವರ ಇದೆಯಾ? ಕೈಯಿಂದ ಮುಟ್ಟಿ ಹೇಳಬೇಡ, ಥರ್ಮಾಮೀಟರ್ ಇಟ್ಟು ನೋಡು. ಹಾಲು ಎಂದಿನಂತೆ ಕುಡಿಯುತ್ತಾಳಾ? ಯಾವುದಾದರೂ ಗುಳ್ಳೆಯಲ್ಲಿ ಹಳದಿ ಕೀವು ಇದೆಯಾ? ಕರೆದರೆ, ಮುಟ್ಟಿದರೆ ಚುರುಕಾಗಿ ನೋಡುತ್ತಾಳಾ ಅಥವಾ ಮಂಕಾಗಿ ಮಲಗಿರುತ್ತಾಳಾ?

ಮೂರು ತಿಂಗಳ ಒಳಗಿನ ಕೂಸಿಗೆ 100.4 ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಮುಟ್ಟಿದರೆ ಇಲ್ಲಿ ಕೇಳುತ್ತಾ ಕೂರಬಾರದು. ಮಧ್ಯರಾತ್ರಿ ಆದರೂ ಸರಿ, ಆಸ್ಪತ್ರೆಗೆ ಹೋಗಬೇಕು.

ಬನಹಟ್ಟಿ ತವರು

ಈಗ ನೋಡಿದೆ ಸಿಸ್ಟರ್, 98.4 ಇದೆ. ಹಾಲು ಚೆನ್ನಾಗಿ ಕುಡಿಯುತ್ತಾಳೆ. ಕೀವು ಇಲ್ಲ. ಹಣೆಯ ಮೇಲೆ ಮಾತ್ರ ಬೇರೆ ಥರ ಇವೆ, ಕೆಂಪಿಲ್ಲ, ಇಬ್ಬನಿ ಕುಳಿತ ಹಾಗೆ ತಿಳಿ ನೀರಿನ ಹನಿ. ಒರೆಸಿದರೆ ಒಡೆದು ಹೋಗುತ್ತವೆ.

ನಿವೃತ್ತ ಸಿಸ್ಟರ್, ಬಾಗಲಕೋಟೆ

ಸರಿ. ಹಾಗಿದ್ದರೆ ಇದು ಬೆವರುಸಾಲೆಯೇ ಇರಬೇಕು, ಎರಡೂ ಬಗೆ ಒಟ್ಟಿಗೆ ಬಂದಿವೆ ಅನಿಸುತ್ತದೆ. ಆದರೂ ನಾಳೆ ಹಗಲು ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ. ನಾನು ಫೋನಿನಲ್ಲಿ ಓದಿ ಹೇಳುತ್ತಿದ್ದೇನೆ, ಅವರು ಕಣ್ಣಾರೆ ನೋಡುತ್ತಾರೆ.

ಈಗ ಯಾಕೆ ಆಗುತ್ತದೆ ಅಂತ ಹೇಳುತ್ತೇನೆ. ಇದು ತಿಳಿದರೆ ಏನು ಮಾಡಬೇಕು ಅನ್ನುವುದು ತಾನೇ ತಿಳಿಯುತ್ತದೆ.

ದೊಡ್ಡವರ ಮೈಯಲ್ಲಿ 20ರಿಂದ 40 ಲಕ್ಷ ಬೆವರಿನ ಗ್ರಂಥಿಗಳಿವೆ. ಒಂದೊಂದಕ್ಕೂ ಕೂದಲಿಗಿಂತ ಸಣ್ಣ ಕೊಳವೆ. ಅದು ಚರ್ಮದ ಒಳಗಿಂದ ಸುರುಳಿಯಾಗಿ ಮೇಲೆ ಬಂದು ಬಾಯಿ ತೆರೆಯುತ್ತದೆ. ಕೂಸು ಹುಟ್ಟುವಾಗಲೇ ಗ್ರಂಥಿ ಇರುತ್ತವೆ, ಆದರೆ ಕೊಳವೆಗಳು ಇನ್ನೂ ಪಕ್ವ ಆಗಿರುವುದಿಲ್ಲ. ಅದಕ್ಕೇ ಮೊದಲ ಕೆಲವು ವಾರ ಬೇಗ ಕಟ್ಟಿಕೊಳ್ಳುತ್ತವೆ. ಇನ್ನೊಂದು ಮಾತು. ಒಂದು ರಾಶಿ ಬಟ್ಟೆ ಒಗೆದ ಮೇಲೆ ನಿನ್ನ ಬೆರಳ ತುದಿ ನೋಡಿದ್ದೀಯಾ? ಬೆಳ್ಳಗೆ, ಮೆತ್ತಗೆ ಆಗಿರುತ್ತದೆ. ಚರ್ಮದ ಮೇಲಿನ ಸತ್ತ ಪದರ ನೀರು ಕುಡಿದು ಉಬ್ಬುತ್ತದೆ. ಬೆವರು ಒಣಗದೆ ಗಂಟೆಗಟ್ಟಲೆ ಮೈಮೇಲೇ ನಿಂತರೂ ಅದೇ ಆಗುತ್ತದೆ. ಪದರ ಉಬ್ಬಿದಾಗ ಕೊಳವೆಯ ಬಾಯಿ ಮುಚ್ಚುತ್ತದೆ. ನಮ್ಮ ಚರ್ಮದ ಮೇಲೆ ಸದಾ ಇರುವ ಬ್ಯಾಕ್ಟೀರಿಯಾ ಒಂದು ಅಂಟು ಬಿಟ್ಟು ಆ ಬಾಯಿಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಗ್ರಂಥಿಗೆ ಇದು ತಿಳಿಯುವುದಿಲ್ಲ, ಅದು ಬೆವರು ಕಳಿಸುತ್ತಲೇ ಇರುತ್ತದೆ. ಹೊರಗೆ ದಾರಿ ಇಲ್ಲದ ಬೆವರು ಚರ್ಮದ ಒಳಗೇ ಸೋರುತ್ತದೆ. ಚುಚ್ಚುವುದು, ಉರಿಯುವುದು, ಕೆಂಪಾಗುವುದು ಆ ಸೋರಿದ ಬೆವರಿನಿಂದ.

ಎಷ್ಟು ಆಳದಲ್ಲಿ ಕಟ್ಟಿದೆ ಅನ್ನುವುದರ ಮೇಲೆ ಬಗೆ ಬೇರೆ. ತೀರಾ ಮೇಲೆ ಕಟ್ಟಿದರೆ ನೀನು ಹೇಳಿದ ಇಬ್ಬನಿ ಹನಿ. ಅದಕ್ಕೆ ನವೆ ಇಲ್ಲ, ನೋವಿಲ್ಲ, ಒಂದೆರಡು ದಿನದಲ್ಲಿ ಒಡೆದು ಹೋಗುತ್ತದೆ. ಸ್ವಲ್ಪ ಕೆಳಗೆ ಕಟ್ಟಿದರೆ ಕೆಂಪು ಗುಳ್ಳೆ, ಕೂಸನ್ನು ಅಳಿಸುವುದು ಅದು. ಇನ್ನೂ ಆಳದ ಬಗೆಯೊಂದಿದೆ, ಅದು ಮಕ್ಕಳಿಗೆ ಬಹಳ ಅಪರೂಪ.

ನೀನು ಬರೆದದ್ದನ್ನು ಮತ್ತೆ ಓದು. ರಬ್ಬರ್ ಶೀಟ್, ಅದರ ಮೇಲೆ ಬಟ್ಟೆ, ಕುಂಚಿಗೆ, ಕೌದಿ, ಮಡಿಕೆಯಲ್ಲಿ ಉಳಿದ ಎಣ್ಣೆ, ಮುಚ್ಚಿದ ಕಿಟಕಿ. ಬೆವರು ಎಲ್ಲಿಂದ ಒಣಗಬೇಕು?

ಇಂಡಿ ಅಕ್ಕಾ, ಬೇಸರ ಮಾಡಿಕೊಳ್ಳಬೇಡಿ, ಪೌಡರ್ ಬೇಡ. ಡಬ್ಬಿ ತಟ್ಟಿದಾಗ ಏಳುವ ಹೊಗೆಯಂಥ ಪುಡಿ ಕೂಸಿನ ಮೂಗಿನಿಂದ ಶ್ವಾಸಕೋಶಕ್ಕೆ ಹೋಗುತ್ತದೆ. ಬೆವರು ತಾಗಿದ ಪೌಡರ್ ಕುತ್ತಿಗೆಯ ಮಡಿಕೆಯಲ್ಲಿ ಹಿಟ್ಟಿನ ಬತ್ತಿಯ ಹಾಗೆ ಗಟ್ಟಿಯಾಗಿ ತಿಕ್ಕುತ್ತದೆ. ನನ್ನ ಕೆಲಸದ ದಿನಗಳಲ್ಲಿ ಅಂಥ ಬತ್ತಿಗಳನ್ನು ಒದ್ದೆ ಹತ್ತಿಯಿಂದ ತೆಗೆದದ್ದು ಲೆಕ್ಕವಿಲ್ಲ. ಬೋರಿಕ್ ಆಸಿಡ್ ಇರುವ ಪೌಡರನ್ನಂತೂ ಕೂಸಿಗೆ ಹಾಕಲೇಬಾರದು, ಗಾಯವಾದ ಚರ್ಮದಿಂದ ಅದು ಒಳಗೆ ಹೋದರೆ ವಿಷ.

ತಿಕೋಟಾ ದ್ರಾಕ್ಷಿ

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಡಾಕ್ಟರ್ ಅಲ್ಲ, ಒಣದ್ರಾಕ್ಷಿ ಮಾಡುವವನು. ಕೂಲರ್ ವಿಷಯ ನನಗೆ ಗೊತ್ತು, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಶೆಡ್ ನೋಡಿದವರು ಕೇಳುತ್ತಾರೆ, ಯಾಕೆ ನಾಲ್ಕೂ ಕಡೆ ಗೋಡೆ ಇಲ್ಲ ಅಂತ. ದ್ರಾಕ್ಷಿ ಒಣಗಿಸುವುದು ಬಿಸಿಲು ಅಂತ ಜನ ತಿಳಿದಿದ್ದಾರೆ. ನಾವು ಹಣ್ಣನ್ನು ನೆರಳಲ್ಲಿ, ಬಲೆಯ ಮೇಲೆ, ಅಂತಸ್ತು ಅಂತಸ್ತಾಗಿ ಹರಡುತ್ತೇವೆ. ಕೆಲಸ ಮಾಡುವುದು ಗಾಳಿ. ಒಣ ಗಾಳಿ ಹಾಯ್ದರೆ ಹದಿನೈದು ಇಪ್ಪತ್ತು ದಿನದಲ್ಲಿ ಹಣ್ಣು ಸಿದ್ಧ. ಅದೇ ನಡುವೆ ಎರಡು ದಿನ ಮೋಡ ಹಾಕಿ ಗಾಳಿ ನಿಂತಿತು ಅನ್ನಿ, ಧಗೆ ಅಷ್ಟೇ ಇದ್ದರೂ ಹಣ್ಣು ಒಣಗುವುದಿಲ್ಲ, ಅಂಟಂಟಾಗಿ ಬಣ್ಣ ಕೆಡುತ್ತದೆ. ನಮ್ಮ ಹೊಟ್ಟೆಯಲ್ಲಿ ಭಯ ಹುಟ್ಟುವುದು 42 ಡಿಗ್ರಿ ಬಿಸಿಲಿಗೆ ಅಲ್ಲ, ಆ ಎರಡು ದಿನದ ಮೋಡಕ್ಕೆ.

ಮೈ ಬೆವರೂ ಹಾಗೇ ಅಲ್ವಾ? ಕೂಲರ್ ಅಂದರೆ ಎಸಿ ಅಲ್ಲ ತಂಗೀ. ಅದು ಒದ್ದೆ ಹುಲ್ಲಿನ ಮೂಲಕ ಗಾಳಿ ಎಳೆದು, ನೀರನ್ನು ಆವಿ ಮಾಡಿ ಗಾಳಿ ತಂಪು ಮಾಡುತ್ತದೆ. ಆ ಆವಿ ಎಲ್ಲಿ ಹೋಗಬೇಕು? ಕಿಟಕಿ ಮುಚ್ಚಿದರೆ ಕೋಣೆಯಲ್ಲೇ ಉಳಿಯುತ್ತದೆ. ಮೊದಲ ಅರ್ಧ ಗಂಟೆ ತಂಪು ಅನಿಸುತ್ತದೆ, ಆಮೇಲೆ ಕೋಣೆ ಮೋಡದ ದಿನದ ಶೆಡ್ ಆಗುತ್ತದೆ. ನಿಮ್ಮ ಹಾಸಿಗೆ ಬೆಳಿಗ್ಗೆ ಹಸಿ ಆಗಿರುವುದು ಅದಕ್ಕೇ.

ಹೀಗೆ ಮಾಡಿ ನೋಡಿ. ಕೂಲರಿನ ಬೆನ್ನು ತೆರೆದ ಕಿಟಕಿಗೆ ಇರಲಿ, ಹೊರಗಿನ ಒಣ ಗಾಳಿ ಎಳೆಯಲಿ. ಎದುರಿನ ಬಾಗಿಲು ಅಥವಾ ಇನ್ನೊಂದು ಕಿಟಕಿ ಒಂದು ಗೇಣು ತೆರೆದಿಡಿ, ಹಸಿ ಗಾಳಿ ಹೊರಗೆ ಹೋಗಲಿ. ಸೊಳ್ಳೆ ಇದ್ದರೆ ಜಾಳಿಗೆ ಹೊಡೆಸಿ. ತೊಟ್ಟಿಲು ಗಾಳಿಯ ನೇರಕ್ಕೆ ಬೇಡ, ಪಕ್ಕಕ್ಕೆ ಇರಲಿ.

ಬನಹಟ್ಟಿ ತವರು

ಅಣ್ಣಾ, ಇದು ಹೊಳೆದೇ ಇರಲಿಲ್ಲ. ಅಪ್ಪನಿಗೆ ಓದಿ ಹೇಳಿದೆ, ಕೂಲರ್ ಸರಿಸಲು ಎದ್ದೇಬಿಟ್ಟರು. ಆದರೆ ಆಯಿಗೆ ಹೇಳುವುದು ಹೇಗೆ? ನನ್ನನ್ನು, ನನ್ನ ತಮ್ಮನನ್ನು ಸಾಕಿದ್ದು ಅವಳೇ. "ನೀವು ಫೋನ್ ನೋಡಿ ಕೂಸು ಸಾಕೋರು" ಅಂದರೆ ನನ್ನ ಹತ್ತಿರ ಉತ್ತರ ಇಲ್ಲ. ಅವಳ ಮನಸ್ಸು ನೋಯಿಸಲು ಇಷ್ಟವಿಲ್ಲ.

ನಿವೃತ್ತ ಸಿಸ್ಟರ್, ಬಾಗಲಕೋಟೆ

ನೋಯಿಸಬೇಡ. ಆಯಿ ಹೇಳುವುದು ಸುಳ್ಳಲ್ಲ. ಹಸಿಗೂಸು ಮೈಶಾಖವನ್ನು ಬೇಗ ಕಳೆದುಕೊಳ್ಳುತ್ತದೆ. ತೂಕ ಕಡಿಮೆ ಇರುವ, ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗೆ ಇಡದಿದ್ದರೆ ಜೀವಕ್ಕೇ ಕುತ್ತು. ಪುಷ್ಯ ಮಾಸದ ಚಳಿಯಲ್ಲಿ ಆ ಕುಂಚಿಗೆ ಎಷ್ಟು ಕೂಸುಗಳನ್ನು ಕಾಪಾಡಿದೆಯೋ. ಆದರೆ ಈಗ ವೈಶಾಖದ ಧಗೆ, ನಿನ್ನ ಮಗಳು ಐದು ವಾರದವಳು, ಚೆನ್ನಾಗಿ ಹಾಲು ಕುಡಿಯುತ್ತಿದ್ದಾಳೆ.

ಒಂದು ಕೆಲಸ ಮಾಡು. ವಾದ ಮಾಡಬೇಡ. ರಾತ್ರಿ ಕೂಸು ಅಳುವಾಗ ಆಯಿಯ ಕೈ ಹಿಡಿದು ಕೂಸಿನ ಕತ್ತಿನ ಹಿಂದೆ, ಕುಂಚಿಗೆಯ ಒಳಗೆ ಇಡು. ಕೈಕಾಲು ಮುಟ್ಟಿ ನೋಡಬಾರದು, ಸಣ್ಣ ಮಕ್ಕಳ ಕೈಕಾಲು ಯಾವಾಗಲೂ ಸ್ವಲ್ಪ ತಣ್ಣಗೇ ಇರುತ್ತವೆ, ಅದನ್ನು ನೋಡಿಯೇ ನಾವು ಇನ್ನೊಂದು ಕೌದಿ ಹೊದಿಸುವುದು. ಕತ್ತಿನ ಹಿಂದೆ ಬೆಚ್ಚಗೆ, ಒಣಗಿದ್ದರೆ ಸರಿ. ಬೆವರಿದ್ದರೆ ಒಂದು ಪದರ ತೆಗೆಯಬೇಕು. ತಣ್ಣಗಿದ್ದರೆ ಒಂದು ಪದರ ಸೇರಿಸಬೇಕು. ಇಷ್ಟು ಆಯಿಗೆ ತಿಳಿದರೆ ಮುಂದಿನದು ಅವಳೇ ಮಾಡುತ್ತಾಳೆ, ನಿನಗಿಂತ ಚೆನ್ನಾಗಿ.

ಸ್ನಾನದ ನೀರು ಉಗುರು ಬೆಚ್ಚಗೆ ಸಾಕು. ಎಣ್ಣೆ ಹಚ್ಚುವುದನ್ನು ಗುಳ್ಳೆ ಹೋಗುವವರೆಗೆ ನಿಲ್ಲಿಸಿ, ಅದು ಬೆವರಿನ ದಾರಿಗೆ ಇನ್ನೊಂದು ಮುಚ್ಚಳ. ಕಡಲೆಹಿಟ್ಟು ಹಾಕಿ ತಿಕ್ಕುವುದೂ ಬೇಡ. ಮಡಿಕೆಗಳನ್ನು ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ದಿನಕ್ಕೆ ಎರಡು ಮೂರು ಸಲ ಹತ್ತು ಹದಿನೈದು ನಿಮಿಷ ಬರಿಮೈಯಲ್ಲಿ ಬಿಡಿ. ರಬ್ಬರ್ ಶೀಟ್ ತೆಗೆದು ನಾಲ್ಕು ಮಡಿಕೆ ಹಳೇ ಹತ್ತಿ ಬಟ್ಟೆ ಹಾಸಿ, ಒದ್ದೆ ಆದಾಗ ಬದಲಿಸಿ. ಒಗೆಯುವುದು ಜಾಸ್ತಿ ಆಗುತ್ತದೆ, ಗೊತ್ತು. ಕ್ಯಾಲಮಿನ್ ಬೇಕಾದರೆ ಡಾಕ್ಟರ್ ಹೇಳಿದ ಮೇಲೆ ತೆಳ್ಳಗೆ, ಬಾಯಿಯ ಹತ್ತಿರ ಬೇಡ. ಇನ್ನೊಂದು, ಧಗೆ ಅಂತ ಕೂಸಿಗೆ ನೀರು ಕುಡಿಸಬೇಡಿ. ಆರು ತಿಂಗಳವರೆಗೆ ಎದೆಹಾಲೇ ನೀರು. ಕುಡಿಯಬೇಕಾದವಳು ನೀನು.

ಮಗ್ಗದ ಮನೆ

ಅಕ್ಕಾರೆ, ನಾನೂ ನಿಮ್ಮ ಊರ ಪಕ್ಕದವನೇ, ರಬಕವಿ. ಪಾವರ್‌ಲೂಮ್ ಶೆಡ್ಡಿನಲ್ಲಿ ಹದಿನಾರು ವರ್ಷದಿಂದ ಕೆಲಸ. ನೀವು ದೊಡ್ಡವರ ಬೆವರುಸಾಲೆ ಬಗ್ಗೆ ಇನ್ನೂ ಮಾತಾಡಿಲ್ಲ, ಸಿಸ್ಟರ್ ಹೇಳಿದ ಆ ಆಳದ ಬಗೆ ನನಗೇ ಆಗಿತ್ತು ಅಂತ ಈಗ ಓದುವಾಗ ಅನಿಸುತ್ತಿದೆ.

ನಮ್ಮ ಶೆಡ್ ತಗಡಿನದು. ಗಾಳಿ ಒಣಗಿದರೆ ನೂಲು ಹರಿಯುತ್ತದೆ, ಅದಕ್ಕೆ ನೆಲಕ್ಕೆ ನೀರು ಹೊಡೆಯುತ್ತೇವೆ. ಫ್ಯಾನ್ ಜೋರಾಗಿ ಹಾಕಿದರೆ ಅರಳೆ ಹಾರುತ್ತದೆ. ಅಂದರೆ ಮೇಲೆ ತಗಡು ಕಾಯುತ್ತದೆ, ಕೆಳಗೆ ಹಸಿ, ನಡುವೆ ನಾವು. ಹೋದ ವರ್ಷ ಮಾರ್ಚಿನಿಂದಲೇ ಬೆನ್ನು, ಹೊಟ್ಟೆ ತುಂಬ ಕೆಂಪು ಗುಳ್ಳೆ. ನಮ್ಮ ಕಡೆ ನವೆಗೆ ತಿಂಡಿ ಅಂತೀವಿ, ಅಂಥ ತಿಂಡಿ. ಕಂಬಕ್ಕೆ ಬೆನ್ನು ತಿಕ್ಕಿಕೊಂಡು ಕೆಲಸ ಮಾಡಿದ್ದೇನೆ. ಒಂದು ಹೋಗುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಮೇ ತಿಂಗಳಲ್ಲಿ ಅಚ್ಚರಿ ಅನ್ನುವ ಹಾಗೆ ತಿಂಡಿ ನಿಂತಿತು. ಕೆಂಪು ಹೋಗಿ ಮೈ ಬಣ್ಣದ್ದೇ ಗಟ್ಟಿ ಗುಳ್ಳೆ ಉಳಿದವು, ಕೋಳಿ ಚರ್ಮದ ಹಾಗೆ. ಬನಿಯನ್ ಒಣಗಿಯೇ ಇರುತ್ತಿತ್ತು. ಆದರೆ ಮುಖದಿಂದ ಮಾತ್ರ ನೀರು ಇಳಿದ ಹಾಗೆ ಬೆವರು. ನಾನು ಗುಣ ಆಯಿತು ಅಂದುಕೊಂಡೆ. ಹೆಂಡತಿಗೂ ಹೇಳಿದೆ.

ಮೂರನೇ ದಿನ ಮಧ್ಯಾಹ್ನ ಲಾಳಿಯಲ್ಲಿ ಕಂಡಿಕೆ ಬದಲಿಸುತ್ತಿದ್ದೆ. ಮಗ್ಗದ ಸದ್ದು ದೂರ ಹೋದ ಹಾಗೆ ಆಯಿತು. ಎಚ್ಚರ ಆದಾಗ ಹೊರಗೆ ಬೇವಿನ ಗಿಡದ ಕೆಳಗೆ ಮಲಗಿಸಿ ಮೈಮೇಲೆ ನೀರು ಹೊಯ್ಯುತ್ತಿದ್ದರು. ಆಸ್ಪತ್ರೆಯಲ್ಲಿ ಎರಡು ಬಾಟಲಿ ಸಲೈನ್ ಹಾಕಿದರು. ಬೆನ್ನಿನ ಗುಳ್ಳೆ ಬಗ್ಗೆ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಎರಡಕ್ಕೂ ಸಂಬಂಧ ಇದೆಯೇ?

ಚರ್ಮದ ಪಿಜಿ, ಬೆಳಗಾವಿ

ಅಣ್ಣಾ, ನಾನು ಚರ್ಮರೋಗ ವಿಭಾಗದಲ್ಲಿ ಓದುತ್ತಿರುವವಳು. ನೀವು ಹೇಳಿದ ಹಾಗೇ ಇದ್ದರೆ ಸಂಬಂಧ ಇರುವ ಸಾಧ್ಯತೆ ಬಹಳ. ಕೆಂಪು ಬೆವರುಸಾಲೆ ಮತ್ತೆ ಮತ್ತೆ ಆದರೆ ಕೊಳವೆ ಇನ್ನೂ ಆಳದಲ್ಲಿ ಕಟ್ಟಿಕೊಳ್ಳುತ್ತದೆ, ಚರ್ಮದ ಮೇಲ್ಪದರ ಮುಗಿದು ಒಳಪದರ ಶುರುವಾಗುವ ಜಾಗದಲ್ಲಿ. ಆಗ ನವೆ ಕಡಿಮೆ ಆಗುತ್ತದೆ. ಮೈ ಒಣಗುತ್ತದೆ. ಜನ ವಾಸಿಯಾಯಿತು ಅಂದುಕೊಳ್ಳುವುದು ಆಗಲೇ, ಅಪಾಯ ಇರುವುದೂ ಆಗಲೇ. ಒಂದು ಲೀಟರ್ ಬೆವರು ಒಣಗಿದರೆ ಮೈಯಿಂದ ಸುಮಾರು 580 ಕಿಲೋ ಕ್ಯಾಲರಿ ಶಾಖ ಹೊರಗೆ ಹೋಗುತ್ತದೆ. ಧಗೆಯಲ್ಲಿ ಗಟ್ಟಿ ದುಡಿಯುವವರಿಗೆ ಗಂಟೆಗೆ ಒಂದು ಲೀಟರಿಗಿಂತ ಹೆಚ್ಚು ಬೆವರು ಬರಬಹುದು. ಎದೆ, ಬೆನ್ನು, ಹೊಟ್ಟೆ ಎಲ್ಲಾ ಕಟ್ಟಿಕೊಂಡರೆ ಆ ಶಾಖ ಒಳಗೇ ಉಳಿಯುತ್ತದೆ. ಮುಖ ಒಂದೇ ಅಷ್ಟೂ ಕೆಲಸ ಮಾಡಲು ಹೋಗುತ್ತದೆ, ಅದಕ್ಕೇ ಅಲ್ಲಿ ಅಷ್ಟು ಬೆವರು.

ಮುಚ್ಚಿದ ಕೊಳವೆ ಒಂದೇ ದಿನದಲ್ಲಿ ತೆರೆಯುವುದಿಲ್ಲ. ಚರ್ಮದ ಪದರ ಬೆಳೆದು, ಹಳೆಯದು ಉದುರಿ, ಆ ಬಿರಡೆ ಹೊರಗೆ ಬೀಳಬೇಕು. ಅದಕ್ಕೆ ಎರಡು ಮೂರು ವಾರ ಹಿಡಿಯುತ್ತದೆ. ಅಷ್ಟು ದಿನ ತಂಪಿನಲ್ಲಿ ಇರುವುದೇ ಮುಖ್ಯ ಔಷಧಿ. ಕೂಲಿ ಬಿಟ್ಟು ಎರಡು ವಾರ ಕೂರುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು, ನಮ್ಮಪ್ಪನೂ ನೇಕಾರರೇ. ಅಷ್ಟು ಆಗದಿದ್ದರೆ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ಪಾಳಿ ಬಿಟ್ಟು ಬೆಳಗಿನ ಪಾಳಿ ಕೇಳಿಕೊಳ್ಳಿ, ಗಂಟೆಗೊಮ್ಮೆ ಹೊರಗೆ ಬಂದು ಬನಿಯನ್ ಬದಲಿಸಿ. ಮೈ ಒಣಗಿ ಮುಖ ಮಾತ್ರ ಬೆವರಿದರೆ, ತಲೆ ಸುತ್ತಿದರೆ, ಹೊಟ್ಟೆ ತೊಳಸಿದರೆ ಆ ಕ್ಷಣ ಮಗ್ಗ ನಿಲ್ಲಿಸಿ. ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಓಆರ್‌ಎಸ್ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಚಮಚ ತಲೆ ಸವರಿ ಅಳೆಯಿರಿ.

ಯಾರಾದರೂ ಬಿದ್ದು, ಮಾತು ತಡವರಿಸಿದರೆ, ಏನೇನೋ ಮಾತಾಡಿದರೆ 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ ಸುಮ್ಮನೆ ಕಾಯಬೇಡಿ. ನೆರಳಿಗೆ ತಂದು, ಅಂಗಿ ಬಿಚ್ಚಿ, ಮೈತುಂಬ ನೀರು ಹೊಯ್ದು ಗಾಳಿ ಹಾಕುತ್ತಲೇ ಇರಿ. ನಿಮ್ಮ ಜೊತೆಯವರು ಮಾಡಿದ್ದು ಸರಿಯಾದ ಕೆಲಸ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ನೀರು ಹಾಕಬಾರದು.

ಈ ವರ್ಷ ಹೇಗಿದೆ ನಿಮ್ಮ ಬೆನ್ನು? ಒಮ್ಮೆ ತೋರಿಸಿ, ದಯವಿಟ್ಟು.

ಮಗ್ಗದ ಮನೆ

ಕೆಂಪು ಗುಳ್ಳೆ ಮತ್ತೆ ಶುರುವಾಗಿವೆ ತಂಗಿ. ಸೋಮವಾರ ತೋರಿಸುತ್ತೇನೆ. ಮಾಲಕರಿಗೂ ಇದನ್ನು ಓದಿಸುತ್ತೇನೆ, ಒಳ್ಳೆಯ ಮನುಷ್ಯರು, ತಗಡಿನ ಮೇಲೆ ಕಬ್ಬಿನ ರವದಿ ಹೊದಿಸೋಣ ಅಂತ ಹೋದ ವರ್ಷವೇ ಹೇಳಿದ್ದರು.

ಗೋಕಾಕ ಬಸ್ಸು

ಕಂಡಕ್ಟರ್ ಕೆಲಸ ನನ್ನದು. ಖಾಕಿ ಅಂಗಿ ಪಾಲಿಯೆಸ್ಟರ್ ಬೆರಕೆಯದು. ಚೀಲದ ಪಟ್ಟಿ ಎದೆಗೆ ಅಡ್ಡ ಬರುವ ಜಾಗದಲ್ಲಿ ಓರೆಯಾಗಿ ಗೆರೆ ಎಳೆದ ಹಾಗೆ ಗುಳ್ಳೆ. ಪಟ್ಟಿ ಎಲ್ಲಿದೆಯೋ ಅಲ್ಲೇ, ಆಚೀಚೆ ಒಂದೂ ಇಲ್ಲ. ಸಿಸ್ಟರ್ ಮಾತು ಓದಿ ಈಗ ಅರ್ಥ ಆಯಿತು.

ನಾನು ಬರೆಯಲು ಬಂದದ್ದು ಬೇರೆ. ಎರಡು ವರ್ಷದ ಹಿಂದೆ ತೊಡೆಸಂದಿನಲ್ಲಿ ಕೆಂಪಾಗಿ ನವೆ ಶುರುವಾಯಿತು. ಬೆವರುಸಾಲೆ ಅಂತ ಮೆಡಿಕಲ್ ಅಂಗಡಿಯಲ್ಲಿ ಹೇಳಿದೆ, ಒಂದು ಟ್ಯೂಬ್ ಕೊಟ್ಟರು. ಹಚ್ಚಿದ ಎರಡನೇ ದಿನಕ್ಕೆ ನವೆ ಮಾಯ. ಬಿಟ್ಟರೆ ಮತ್ತೆ, ಮೊದಲಿಗಿಂತ ಜಾಸ್ತಿ. ಹೀಗೆ ಏಳೆಂಟು ತಿಂಗಳು ಹಚ್ಚಿದೆ. ಆಮೇಲೆ ಚರ್ಮ ಸಿಗರೇಟ್ ಕಾಗದದ ಹಾಗೆ ತೆಳ್ಳಗಾಗಿ ಬಿಳಿ ಗೆರೆ ಬಿದ್ದವು, ಕೆಂಪು ಸೊಂಟದವರೆಗೆ ಹರಡಿತು. ಚರ್ಮದ ಡಾಕ್ಟರ್ ನೋಡಿ, ಇದು ಬೆವರುಸಾಲೆ ಅಲ್ಲ, ಹುಳುಕಡ್ಡಿ, ನೀನು ಹಚ್ಚಿದ್ದರಲ್ಲಿ ಸ್ಟೀರಾಯ್ಡ್ ಇತ್ತು ಅಂದರು. ವಾಸಿ ಆಗಲು ಐದು ತಿಂಗಳು ಬೇಕಾಯಿತು. ಮನೆಯಲ್ಲಿ ಹೆಂಡತಿಗೂ ಹತ್ತಿತ್ತು. ಬಿಳಿ ಗೆರೆಗಳು ಇನ್ನೂ ಇವೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಅದನ್ನು ಹೇಳಲೆಂದೇ ಬರೆದೆ.

ಚರ್ಮದ ಪಿಜಿ, ಬೆಳಗಾವಿ

ಇದನ್ನು ಬರೆದದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ ಅಣ್ಣಾ. ತೊಡೆಸಂದಿನ ವಿಷಯ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಓಪಿಡಿಯಲ್ಲಿ ದಿನಾ ಇದೇ ಕಥೆ. ಒಂದೇ ಟ್ಯೂಬಿನಲ್ಲಿ ಸ್ಟೀರಾಯ್ಡ್, ಆಂಟಿಬಯೋಟಿಕ್, ಫಂಗಸ್ ಔಷಧಿ ಮೂರೂ ಬೆರೆಸಿರುತ್ತಾರೆ. ಸ್ಟೀರಾಯ್ಡ್ ಉರಿ, ಕೆಂಪು ಎರಡನ್ನೂ ತಕ್ಷಣ ತಣಿಸುತ್ತದೆ, ಅದರ ಮರೆಯಲ್ಲಿ ಫಂಗಸ್ ಬೆಳೆಯುತ್ತಲೇ ಇರುತ್ತದೆ. 2018ರಲ್ಲೇ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಅಂಗಡಿಯಲ್ಲಿ ಕೇಳಿದರೆ ಈಗಲೂ ಸಿಗುತ್ತದೆ, ಅದೇ ದುಃಖ.

ನೋಡಿ ಹೇಗೆ ಬೇರೆ ಮಾಡುವುದು ಅಂತ ಕೇಳುತ್ತೀರಿ. ಬೆವರುಸಾಲೆ ಅಂದರೆ ಗುಂಡುಸೂಜಿಯ ತಲೆಯಷ್ಟು ಬಿಡಿ ಬಿಡಿ ಚುಕ್ಕೆ. ಧಗೆ ಬಂದ ಒಂದೆರಡು ದಿನದಲ್ಲಿ ಏಳುತ್ತದೆ, ತಂಪಾದರೆ ಕೆಲವೇ ದಿನದಲ್ಲಿ ಹೋಗುತ್ತದೆ. ಹುಳುಕಡ್ಡಿ ಬಳೆಯ ಹಾಗೆ. ಅಂಚು ಉಬ್ಬಿ ಕೆಂಪಾಗಿ ಹೊರಗೆ ಹರಡುತ್ತದೆ, ನಡುವೆ ಚರ್ಮ ತಿಳಿಯಾಗುತ್ತದೆ. ರಾತ್ರಿ ನವೆ ಜಾಸ್ತಿ, ಬೆರಳ ಸಂದಿಯಲ್ಲಿ ಗುಳ್ಳೆ, ಮನೆಯಲ್ಲಿ ಇಬ್ಬರು ಮೂವರು ಕೆರೆದುಕೊಳ್ಳುತ್ತಿದ್ದಾರೆ ಅಂದರೆ ಅದು ಕಜ್ಜಿ. ಪ್ರತಿ ಗುಳ್ಳೆಯ ನಡುವೆ ಒಂದೊಂದು ಕೂದಲು ಇದ್ದರೆ ಕೂದಲ ಬುಡದ ಸೋಂಕು, ಬೆವರುಸಾಲೆ ಕೂದಲ ಬುಡ ಹಿಡಿದು ಬರುವುದಿಲ್ಲ. ಜ್ವರ ಬಂದು ಮೈತುಂಬ ನೀರುಗುಳ್ಳೆ ಎದ್ದರೆ ಅದು ಬೇರೆಯೇ ರೋಗ, ಡಾಕ್ಟರ್ ಹತ್ತಿರ ಹೋಗಿ. ಅಂಗೈ, ಅಂಗಾಲಿನಲ್ಲಿ ಬೆವರಿನ ಗ್ರಂಥಿಗಳು ಎಲ್ಲಕ್ಕಿಂತ ಒತ್ತಾಗಿದ್ದರೂ ಅಲ್ಲಿ ಬೆವರುಸಾಲೆ ಏಳುವುದಿಲ್ಲ. ಅಲ್ಲಿ ಗುಳ್ಳೆ ಇದ್ದರೆ ಬೇರೆ ಕಾರಣ ಹುಡುಕಬೇಕು.

ಬೆವರುಸಾಲೆ ಬಹಳ ಉರಿದರೆ ನಾವೂ ಕೆಲವು ದಿನಕ್ಕೆ ಸೌಮ್ಯ ಸ್ಟೀರಾಯ್ಡ್ ಬರೆದುಕೊಡುವುದು ಉಂಟು. ಆದರೆ ನೋಡಿ, ಇದೇ ಅಂತ ಗೊತ್ತು ಮಾಡಿಕೊಂಡು, ದಿನ ಎಣಿಸಿ ಕೊಡುತ್ತೇವೆ.

ಇಂಡಿ ಲಿಂಬಿ

ಪೌಡರ್ ವಿಷಯ ಒಪ್ಪಿಕೊಂಡೆ ಸಿಸ್ಟರ್, ಸೊಸೆಗೂ ಹೇಳಿದೆ. ಮಾವಿನ ಹಣ್ಣಿನ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ. ಮಾವು ತಿಂದಾಗಲೇ ಮಕ್ಕಳ ಬಾಯಿ ಸುತ್ತ ಗುಳ್ಳೆ ಏಳುವುದನ್ನು ಕಣ್ಣಾರೆ ನೋಡಿದ್ದೇನಲ್ಲ?

ಚರ್ಮದ ಪಿಜಿ, ಬೆಳಗಾವಿ

ನೀವು ನೋಡಿದ್ದು ನಿಜ ಕಾಕೂ. ಅದು ಸೊನೆ. ತೊಟ್ಟಿನ ಹತ್ತಿರದ ಹಾಲು ತಾಗಿದ ಕಡೆ ಚರ್ಮ ಕೆರಳುತ್ತದೆ. ಹಣ್ಣನ್ನು ನೀರಲ್ಲಿ ನೆನೆಸಿ, ತೊಟ್ಟು ಕೊಯ್ದು, ಸಿಪ್ಪೆ ತೆಗೆದು ಕೊಟ್ಟರೆ ಆಗುವುದಿಲ್ಲ. ಬೆವರಿನ ಕೊಳವೆ ಕಟ್ಟುವುದಕ್ಕೂ ಮಾವಿಗೂ ಸಂಬಂಧವಿಲ್ಲ. ಮಾವು ಬರುವ ಕಾಲ, ಬೆವರುಸಾಲೆ ಬರುವ ಕಾಲ ಎರಡೂ ಒಂದೇ ಆದದ್ದರಿಂದ ಹಣ್ಣಿನ ಮೇಲೆ ತಪ್ಪು ಬಂದಿದೆ. ಬೆವರು ತರಿಸುವುದು ಖಾರ ಮತ್ತು ಬಿಸಿ ಚಹಾ. ಗುಳ್ಳೆ ಇರುವ ದೊಡ್ಡವರು ನಾಲ್ಕು ದಿನ ಕೆಂಪು ಚಟ್ನಿ ಕಡಿಮೆ ಮಾಡಿದರೆ ಒಳ್ಳೆಯದು. ಬಾಣಂತಿ ಎರಡು ಹೋಳು ಮಾವು ತಿನ್ನಲಿ, ಪಾಪ.

ಕೊಲ್ಹಾರ ಮೊಸರು

ನಮ್ಮಪ್ಪ ಪಾರ್ಶ್ವವಾಯು ಆಗಿ ಮಲಗಿ ನಾಲ್ಕು ತಿಂಗಳು. ಬೆನ್ನು ತುಂಬ ಇದೇ ಗುಳ್ಳೆ. ಹಾಸಿಗೆ ಕೆಡಬಾರದು ಅಂತ ಪ್ಲಾಸ್ಟಿಕ್ ಹಾಸಿದ್ದೆವು. ಓದಿ ಇವತ್ತೇ ತೆಗೆದೆ. ಆದರೆ ಮೂತ್ರದ ತೊಂದರೆ ಇದೆ, ಪೂರ್ತಿ ತೆಗೆಯಲು ಆಗುವುದಿಲ್ಲ.

ನಿವೃತ್ತ ಸಿಸ್ಟರ್, ಬಾಗಲಕೋಟೆ

ಪೂರ್ತಿ ತೆಗೆಯಬೇಡಿ ತಮ್ಮಾ. ಸೊಂಟದ ಕೆಳಗಷ್ಟೇ ಒಂದು ತುಂಡು ಇರಲಿ, ಅದರ ಮೇಲೆ ದಪ್ಪ ಹತ್ತಿ ಬಟ್ಟೆ. ಬೆನ್ನಿನ ಕೆಳಗೆ ಬರಿ ಹತ್ತಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಪ್ರತಿ ಸಲ ಬೆನ್ನಿಗೆ ಐದು ನಿಮಿಷ ಗಾಳಿ ಬಿಡಿ. ಸೊಂಟದ ಮೂಳೆ, ಹಿಮ್ಮಡಿ ಹತ್ತಿರ ಕೆಂಪಾಗಿ, ಬೆರಳಿಂದ ಒತ್ತಿದರೂ ಬಿಳಿಯಾಗದಿದ್ದರೆ ಅದು ಬೆವರುಸಾಲೆ ಅಲ್ಲ, ಹಾಸಿಗೆ ಹುಣ್ಣಿನ ಶುರು. ಅದನ್ನು ತಡ ಮಾಡದೆ ತೋರಿಸಿ.

ಬನಹಟ್ಟಿ ತವರು

ಎಲ್ಲರಿಗೂ ಹೇಗೆ ಧನ್ಯವಾದ ಹೇಳಬೇಕೋ ತಿಳಿಯುತ್ತಿಲ್ಲ. ಇವತ್ತಿಗೆ ಆರು ದಿನ. ಡಾಕ್ಟರಿಗೂ ತೋರಿಸಿದೆವು, ಬೆವರುಸಾಲೆಯೇ, ಔಷಧಿ ಏನೂ ಬೇಡ, ಗಾಳಿ ಬಿಡಿ ಅಂದರು.

ಆ ರಾತ್ರಿ ಸಿಸ್ಟರ್ ಹೇಳಿದ ಹಾಗೇ ಮಾಡಿದೆ. ಒಂದು ಗಂಟೆಗೆ ಕೂಸು ಅತ್ತಾಗ ಆಯಿಯ ಕೈಯನ್ನು ಕುಂಚಿಗೆಯ ಒಳಗೆ ಇಟ್ಟೆ. ಅವಳು ಮಾತಾಡಲಿಲ್ಲ. ಕೈ ಹೊರಗೆ ತೆಗೆದು ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿದಳು, ಒದ್ದೆ. ಆಮೇಲೆ ತಾನೇ ಕುಂಚಿಗೆಯ ಗಂಟು ಬಿಚ್ಚಿದಳು. ಸ್ವಲ್ಪ ಹೊತ್ತಾದ ಮೇಲೆ ಕತ್ತಲಲ್ಲೇ ಹೇಳಿದಳು. ಅವಳು ಬಾಣಂತಿ ಆಗಿದ್ದಾಗ ಮನೆ ಮಣ್ಣಿನ ಮಾಳಿಗೆಯದಂತೆ. ನಡುಮನೆಯ ಮೇಲೆ ಬೆಳಕಿಂಡಿ ಇತ್ತಂತೆ. ಬ್ಯಾಸಗಿಯಲ್ಲಿ ಸಂಜೆ ಅವಳ ಮಾವ ಮಾಳಿಗೆ ಹತ್ತಿ ಅದರ ಮೇಲಿನ ಕಲ್ಲು ಸರಿಸುತ್ತಿದ್ದರಂತೆ, ಒಳಗಿನ ಧಗೆಯೆಲ್ಲಾ ಅಲ್ಲಿಂದ ಹೋಗುತ್ತಿತ್ತಂತೆ. "ಆ ಮನ್ಯಾಗ ಕಿಡಕಿ ಇರಲಿಲ್ಲವ್ವ, ಆದ್ರ ಗಾಳಿ ಇತ್ತು. ಈ ಸಿಮಿಟಿನ ಮನ್ಯಾಗ ಕಿಡಕಿ ಐತಿ, ನಾನ ಮುಚ್ಚಿದ್ನಿ" ಅಂದಳು. ನನಗೆ ಅಳು ಬಂತು.

ಈಗ ಕೂಲರ್ ಕಿಟಕಿಗೆ ಬೆನ್ನು ಮಾಡಿ ಇದೆ, ಬಾಗಿಲು ಅರ್ಧ ತೆರೆದಿರುತ್ತದೆ. ಎದೆಯ ಮೇಲಿನ ಗುಳ್ಳೆ ಹೋಗಿ ಚರ್ಮ ಸಣ್ಣಗೆ ಹೊಟ್ಟಿನ ಹಾಗೆ ಉದುರುತ್ತಿದೆ. ಕುತ್ತಿಗೆಯಲ್ಲಿ ಸ್ವಲ್ಪ ಉಳಿದಿವೆ. ನಿನ್ನೆ ರಾತ್ರಿ ಮೂರು ಗಂಟೆ ಒಂದೇ ಸಮನೆ ಮಲಗಿದಳು.

ಒಂದೇ ಪ್ರಶ್ನೆ ಉಳಿದಿದೆ. ಇವತ್ತು ಸಂಜೆ ಗುಡುಗಿ ಮಳೆ ಬಂತು. ಆಮೇಲೆ ಒಂದೇ ಸಮನೆ ಉಬ್ಬೆ. ಕೂಲರ್ ಹಾಕಿದರೂ ತಂಪು ಆಗುತ್ತಿಲ್ಲ, ಏನು ಮಾಡಲಿ?

ತಿಕೋಟಾ ದ್ರಾಕ್ಷಿ

ಮಳೆ ಬಂದ ದಿನ ಹೊರಗಿನ ಗಾಳಿಯೇ ಹಸಿ ಇರುತ್ತದೆ ತಂಗಿ, ಅದಕ್ಕೆ ಇನ್ನಷ್ಟು ನೀರು ಹಿಡಿಯುವುದಿಲ್ಲ. ಕೂಲರಿನ ನೀರಿನ ಪಂಪು ಬಂದ್ ಮಾಡಿ, ಬರಿ ಫ್ಯಾನ್ ತಿರುಗಲಿ. ಎಲ್ಲಾ ಕಿಟಕಿ ತೆಗೆಯಿರಿ. ನಾಳೆ ಬಿಸಿಲು ಬಿದ್ದ ಮೇಲೆ ಪಂಪು ಹಾಕಿ.

ಬನಹಟ್ಟಿ ತವರು

ಪಂಪು ಬಂದ್ ಮಾಡಿದೆ ಅಣ್ಣಾ. ಎದುರಿನ ಕಿಟಕಿ ಆಯಿಯೇ ತೆಗೆದಳು. ಈಗ ಪಡಸಾಲೆಯಲ್ಲಿ ಕೂತು ಅಜ್ಜನ ಹಳೇ ಧೋತರ ಹರಿದು ಕೂಸಿಗೆ ತೋಳಿಲ್ಲದ ಅಂಗಿ ಹೊಲಿಯುತ್ತಿದ್ದಾಳೆ, ಎರಡು ಮುಗಿದಿವೆ, ಮೂರನೆಯದಕ್ಕೆ ಸೂಜಿ ಪೋಣಿಸಿ ಕೊಡು ಅಂತ ಕರೆಯುತ್ತಿದ್ದಾಳೆ.